ಕೂಡಿಸೋದೋ ಕಳೆಯೋದೋ

ಕಡೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಕಗಳನ್ನು ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದವಳು ನೂರೈನ್. ಪಕ್ಕದಲ್ಲೇ ಕೂರುತ್ತಿದ್ದ ನಿಶ್ಚಿತಾಗೆ ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅಕ್ಕನ ಮದುವೆಗೆಂದು ರಜೆ ಹಾಕಿದ್ದ ನೂರೈನ್ ಪರೀಕ್ಷೆಯ ಹಿಂದಿನ ದಿನ ಬಂದು ಕೇಳಿದಳು: "ತರೀಕೆರೆಗೆ ಹೋಗೋ ಬಸ್ಸನ್ನ ಹಿಂದಿಂದ ಬರೋ ಕಾರು ಯಾವಾಗ ಹಿಡಿಯುತ್ತೆ ಅನ್ನೋ ಲೆಕ್ಕ ಹೆಂಗೆ ಮಾಡೋದು ಕಣೇ?"

"ಎರಡರ ವೇಗನೂ ಕೂಡ್ಸು, ನಡುವಿನ ದೂರನ ಅದ್ರಿಂದ ಭಾಗಿಸು," ಎಂದಳು ನಿಶ್ಚಿತಾ, ಕಳೆಯಬೇಕೆಂದು ಚೆನ್ನಾಗಿ ಗೊತ್ತಿದ್ದೂ.

ಮರುದಿನ ನೂರೈನ್ ಓಡಿಬಂದು ಅವಳ ಕೈ ಹಿಡಿದುಕೊಂಡಳು. "ನೀನು ತಪ್ಪು ತಿಳ್ಕಂಡಿದ್ದೀಯ ಕಣೇ! ರಾತ್ರಿ ಬಿಡಿಸಿ ನೋಡ್ದೆ, ಎರಡೂ ಒಂದೇ ಕಡೆ ಹೋಗ್ತಿರ್ತವೆ, ವೇಗನ ಕಳೀಬೇಕು. ಪರೀಕ್ಷೇಲಿ ಎಲ್ಲಿ ಕೂಡ್ಸಿಬಿಡ್ತೀಯೋ ಅಂತ ಅಜ್ಜಂಪುರದಿಂದ ಮೊದಲ ಬಸ್ಸಿಗೇ ಬಂದ್ಬಿಟ್ಟೆ."

ಸಿಕ್ಕಿಬೀಳದಿದ್ದರೂ ನಿಶ್ಚಿತಾಗೆ ನೆಮ್ಮದಿಯಾಗಲಿಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದಾದಳಲ್ಲ ಎಂದು ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.