ತಲೆಯ ಮೇಲೆ ಕೈ ಹೊತ್ತ ಸೈಬರ್ ಕೆಫೆ

ಇದು ನಡೆದ ಕತೆ. ನಡೆದದ್ದು ಕತೆ ಮಾತ್ರ. ಅದರೊಳಗಿನ ಇಂಟರ್ನೆಟ್ಟು ನಡೆಯಲಿಲ್ಲ, ಕುಂಟಿತು. ನಂಬದವರು ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಬಹುದು. ಅವರು ಇನ್ನೂ ನಾಲ್ಕು ಸುಳ್ಳು ಸೇರಿಸಿ ಹೇಳುತ್ತಾರೆ. ಇಲ್ಲಿ ಅಷ್ಟಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಮಾರ್ಚ್ ತಿಂಗಳು. ಕಾಫಿ ಗಿಡಗಳು ಮೊಗ್ಗು ಹಿಡಿದು ಹೂಮಳೆಗೆ ಕಾಯುತ್ತಿದ್ದವು. ಆ ಒಂದು ಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ವರ್ಷದ ಬೆಳೆ, ಬೀಳದಿದ್ದರೆ ಮೊಗ್ಗು ರೆಂಬೆಯಲ್ಲೇ ಕಮರಿ ಹೋಗುತ್ತದೆ. ಹಾಗಾಗಿ ತೋಟದವರೆಲ್ಲ ಆ ತಿಂಗಳು ಕತ್ತು ನೋಯುವವರೆಗೆ ಆಕಾಶ ನೋಡುವುದು ರೂಢಿ. ಆದರೆ ಆ ವರ್ಷ ಅವರು ಕತ್ತು ಇಳಿಸಿ ಜಾವೀದನ ಸೈಬರ್ ಕೆಫೆಗೆ ಬಂದು ಕೂರತೊಡಗಿದ್ದರು. ಉಪಗ್ರಹ ತೆಗೆದ ಮೋಡದ ಚಿತ್ರ ಅಲ್ಲಿ ಸಿಗುತ್ತದೆ ಎಂದು ಸುದ್ದಿಯಾಗಿತ್ತು. ಸಿಗುತ್ತಿತ್ತು ನಿಜ. ಆದರೆ ಅರ್ಧ ಚಿತ್ರ ಬರುವಷ್ಟರಲ್ಲಿ ಆ ಮೋಡವೇ ಎಲ್ಲೋ ಹೋಗಿ ಮಳೆ ಸುರಿಸಿ ಮುಗಿಸಿರುತ್ತಿತ್ತು.

ಜಾವೀದನ ಕೆಫೆಯಲ್ಲಿ ಇದ್ದದ್ದು ಒಂದೇ ಟೆಲಿಫೋನ್ ಲೈನು, ಒಂದೇ ಮೋಡೆಮ್ಮು. ಗೋಡೆ ಬದಿಯ ಕಂಪ್ಯೂಟರಿಗೆ ಅವನು 'ಸರ್ವರ್' ಎಂದು ಹೆಸರಿಟ್ಟು, ಅದರಲ್ಲಿ ಪ್ರಾಕ್ಸಿ ಎಂಬ ತಂತ್ರಾಂಶ ಕೂರಿಸಿದ್ದ. ಉಳಿದ ನಾಲ್ಕು ಕಂಪ್ಯೂಟರುಗಳು ಏನು ಬೇಕಾದರೂ ಈ ಪ್ರಾಕ್ಸಿಯನ್ನೇ ಕೇಳಬೇಕು. ಅದು ಹೊರಗೆ ಹೋಗಿ ತಂದು ಕೊಡಬೇಕು. ಎಸ್ಟೇಟಿನ ಸ್ಟೋರ್ ಕಿಟಕಿಯಲ್ಲಿ ಒಬ್ಬನೇ ನಿಂತು ಕೂಲಿ ಮನೆಗಳ ಇಡೀ ಸಾಲಿನ ಆಳುಗಳಿಗೆ ಅಕ್ಕಿ, ಎಣ್ಣೆ ಹಂಚುವ ಹಾಗೆ.

ಪ್ರಾಕ್ಸಿ ಎಂದರೆ ಜಾವೀದನ ಗೆಳೆಯ ಧರ್ಮನಿಗೆ ಬೇರೆಯೇ ನೆನಪು. ಹಾಸನದಲ್ಲಿ ಇಬ್ಬರೂ ಬಿ.ಎಸ್ಸಿ. ಓದುವಾಗ, ಜಾವೀದ್ ಸಿನಿಮಾಕ್ಕೆ ಹೋದ ದಿನವೆಲ್ಲ ಅವನ ದನಿಯಲ್ಲಿ 'ಎಸ್ ಸಾರ್' ಎಂದು ಹಾಜರಿ ಕೂಗುತ್ತಿದ್ದವನು ಧರ್ಮ. ಅದು ಎಷ್ಟು ಚೊಕ್ಕವಾಗಿತ್ತೆಂದರೆ, ಒಂದು ದಿನ ಜಾವೀದ್ ತಾನೇ ಬಂದು ಕೂಗಿದಾಗ, ಯಾರೋ ಜಾವೀದನ ದನಿ ತೆಗೆಯುತ್ತಿದ್ದಾರೆಂದು ಲೆಕ್ಚರರು ಅವನನ್ನು ಹೊರಗೆ ಕಳಿಸಿದ್ದರು. ಈಗ ಧರ್ಮ ಬಾಳ್ಳುಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಾಲೀಕರ ದನಿಯಲ್ಲಿ ಮೇಸ್ತ್ರಿಯನ್ನೂ, ಮೇಸ್ತ್ರಿಯ ದನಿಯಲ್ಲಿ ಮಾಲೀಕರ ನಾಯಿಯನ್ನೂ ಕರೆಯುತ್ತ ಕಾಲ ಹಾಕುತ್ತಿದ್ದ. ಸಂತೆಯ ದಿನ ಸಾಮಾನಿಗೆಂದು ಪೇಟೆಗೆ ಬಂದರೆ ಕೆಫೆಯಲ್ಲೇ ಠಿಕಾಣಿ.

ಆ ತಿಂಗಳು ಜಾವೀದನ ಬಾಯಲ್ಲಿ ಒಂದೇ ಗೋಳು. ಬೆಳಿಗ್ಗೆ ತಾನೊಬ್ಬನೇ ಕೂತರೆ ಪೇಜು ಬಾಣದ ಹಾಗೆ ಬರುತ್ತದೆ, ಸಂಜೆ ಗಿರಾಕಿ ತುಂಬಿದರೆ ಮಲಗಿಬಿಡುತ್ತದೆ. ಗಿರಾಕಿ ಇಲ್ಲದಿದ್ದರೆ ಮಾತ್ರ ನಡೆಯುವ ಅಂಗಡಿ ಇದೊಂದೇ ಇರಬೇಕೆಂದು ಧರ್ಮ ನಕ್ಕಿದ್ದ. ಜಾವೀದ್ ನಕ್ಕಿರಲಿಲ್ಲ. ಅವನು ಮೋಡೆಮ್ ಬದಲಿಸಿ ನೋಡಿದ್ದ, ಟೆಲಿಫೋನ್ ತಂತಿಯ ತುದಿ ಕೆರೆದು ಹೊಸದಾಗಿ ಸುತ್ತಿದ್ದ, ಪ್ರಾಕ್ಸಿಯನ್ನು ಕಿತ್ತು ಮತ್ತೆ ಕೂರಿಸಿದ್ದ, ಅದು ಕೂಡಿಟ್ಟುಕೊಂಡ ಹಳೆಯ ಪೇಜುಗಳನ್ನೆಲ್ಲ ಗುಡಿಸಿ ಹಾಕಿದ್ದ. ಬೆಂಗಳೂರಿನ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ಎಂಜಿನಿಯರು ತಾವೇ ಕರೆ ಮಾಡುತ್ತಾರೆ ಎಂಬ ಉತ್ತರ; ಯಾವ ಎಂಜಿನಿಯರೂ ಮಾಡಿರಲಿಲ್ಲ.

ಜಾವೀದನ ತಂದೆ ಅಬ್ದುಲ್ ರಶೀದ್ ಬಾಳ್ಳುಪೇಟೆಯ ಕಾಫಿ ವ್ಯಾಪಾರಿ. ಕೈಯಲ್ಲಿ ಬೀಜ ಉಜ್ಜಿ ಮೂಸಿ ತೋಟದ ಹೆಸರು ಹೇಳುವ ಮನುಷ್ಯ. ಮೂಸಲಾಗದ ವ್ಯಾಪಾರದ ಮೇಲೆ ಅವರಿಗೆ ನಂಬಿಕೆಯಿಲ್ಲ. ಒಂದು ದಿನ ಬಂದು ಕಣ್ಣಾರೆ ನೋಡುತ್ತೇನೆ, ಕೆಲಸ ಮಾಡದ ಅಂಗಡಿ ಆದರೆ ಬಾಗಿಲು ಹಾಕಿ ಗೋಡೌನಿನಲ್ಲಿ ನನ್ನ ಪಕ್ಕ ಕೂರು ಎಂದು ಮಗನಿಗೆ ಹೇಳಿಬಿಟ್ಟಿದ್ದರು. ಇಷ್ಟು ಧರ್ಮನಿಗೆ ಗೊತ್ತಿತ್ತು. ಯಾವ ದಿನ ಎಂಬುದು ಗೊತ್ತಿರಲಿಲ್ಲ.

ಫೋನಿಗೆ ಬರಬೇಕಾದ ಎಂಜಿನಿಯರು ಬರದಿದ್ದರೆ ಅವರ ಹಾಜರಿಯನ್ನು ಯಾರಾದರೂ ಕೂಗಬೇಕಲ್ಲ. ಒಂದು ಸಂತೆಯ ದಿನ ಸಂಜೆ ಧರ್ಮ ಕೆಫೆಯ ಎದುರಿನ ನಾಗರತ್ನಮ್ಮನ ಎಸ್‌ಟಿಡಿ ಬೂತಿಗೆ ನುಗ್ಗಿದ. ಗಾಜಿನಿಂದ ಬೀದಿಯಾಚೆಗಿನ ಕೆಫೆ ಪೂರಾ ಕಾಣುತ್ತಿತ್ತು. ಜಾವೀದನ ಸಂಪರ್ಕ ಗಳಿಗೆಗೊಮ್ಮೆ ಕಡಿದುಹೋಗುವುದು ಅವನಿಗೆ ತಿಳಿದದ್ದೇ. ಅದು ಕಡಿದು, ಜಾವೀದ್ ಮೋಡೆಮ್ಮಿನ ಮೇಲೆ ಬಗ್ಗಿದ್ದನ್ನು ನೋಡಿ, ಫೋನ್ ಲೈನು ಬಿಡುವಾದ ಆ ಗಳಿಗೆಗೆ ನಂಬರು ಒತ್ತಿದ. ಮೂಗಿನಿಂದ ಇಳಿಯುವ ದನಿ, ನಡುವೆ ಒಂದು ಗಂಭೀರ ಕೆಮ್ಮು.

ಎಂಜಿನಿಯರು ಸಿಕ್ಕ ಸಂತೋಷಕ್ಕೆ ಜಾವೀದ್ ಎದ್ದೇ ನಿಂತ. ಮೊದಲು ಟೆಲಿಫೋನ್ ತಂತಿಯ ಸುರುಳಿ ಬಿಚ್ಚಿ ನೆಟ್ಟಗೆ ಮಾಡಲು ಎಂಜಿನಿಯರು ಹೇಳಿದರು. ತಿರುವಿನಲ್ಲಿ ಮಾಹಿತಿ ಸಿಕ್ಕಿಕೊಳ್ಳುತ್ತದಂತೆ. ಜಾವೀದ್ ತಂತಿಯನ್ನು ಬಾಗಿಲವರೆಗೆ ಎಳೆದ. ಮೋಡೆಮ್ಮನ್ನು ಹೊಳೆಯ ಕಡೆ ಮುಖ ಮಾಡಿ ಇಡಲು ಹೇಳಿದರು. ಹೇಮಾವತಿ ಯಾವ ಕಡೆ ಎಂದು ಒಂದು ಕ್ಷಣ ಯೋಚಿಸಿ ಅದನ್ನೂ ತಿರುಗಿಸಿದ. ಗಾಜಿನ ಈಚೆ ಧರ್ಮ ತುಟಿ ಕಚ್ಚಿ ನಿಂತಿದ್ದ. ಒಳಗೆ ಕೂತ ಚನ್ನಬಸವಯ್ಯನವರು ಕಂಡರು. ಹೆತ್ತೂರು ಕಡೆಯ ಪ್ಲಾಂಟರು, ಹೂಮಳೆಯ ಮೋಡಕ್ಕಾಗಿ ದಿನಾ ಬರುವವರು, ಯಾರಿಗೂ ತಲೆ ಬಾಗದವರು. ಅವರನ್ನು ನೋಡಿದ್ದೇ ಧರ್ಮನಿಗೆ ಇನ್ನೊಂದು ಹೊಳೆಯಿತು.

"ನಿಮ್ಮ ಗಿರಾಕಿಗಳ ಕೈ ಈಗ ಎಲ್ಲಿದೆ?"

"ಕೀಬೋರ್ಡ್ ಮ್ಯಾಲೆ ಸಾರ್."

"ಅದೇ ತೊಂದರೆ. ಬೇಸಿಗೆ ನೋಡಿ, ಮೈಯಲ್ಲಿ ಕರೆಂಟ್ ಜಾಸ್ತಿ ಇರ್ತದೆ. ಎಲ್ಲರೂ ಎರಡೂ ಕೈ ತಲೆ ಮೇಲೆ ಇಟ್ಕೊಳ್ಳಲಿ. ನಾನು ಇಲ್ಲಿಂದ ಲೈನ್ ತೊಳೀತೀನಿ. ಪೇಜ್ ಪೂರಾ ಬರೋತನಕ ಒಬ್ಬರೂ ಕೈ ಇಳಿಸಬಾರದು."

"ಆಯ್ತು ಸಾರ್. ಇವತ್ತೇ ಸರಿ ಮಾಡ್ಕೊಡಿ ಸಾರ್, ನಿಮ್ ಕಾಲಿಗ್ ಬೀಳ್ತೀನಿ. ನಮ್ಮಪ್ಪ ನೋಡಕ್ಕೆ ಬರ್ತಾವ್ರೆ, ಬಸ್ ಬರೋ ಹೊತ್ತಾಯ್ತು. ಈಗ ಆಗ್ನಿಲ್ಲ ಅಂದ್ರೆ ಅಂಗಡಿ ಹೋಯ್ತು ಸಾರ್."

ಧರ್ಮನ ಗಂಟಲಲ್ಲಿ ಎಂಜಿನಿಯರು ಸತ್ತುಹೋದರು. ತನ್ನ ಸ್ವಂತ ದನಿ ತೆಗೆದು ಲೋ ಜಾವೀದ ಎನ್ನುವಷ್ಟರಲ್ಲಿ ಆ ಕಡೆ ರಿಸೀವರ್ ಇಳಿದಿತ್ತು. ಮತ್ತೆ ಒತ್ತಿದ. ಎಂಗೇಜು. ಜಾವೀದ್ ಆಗಲೇ ಅದೇ ಲೈನಿನಲ್ಲಿ ಇಂಟರ್ನೆಟ್ಟಿಗೆ ಡಯಲ್ ಮಾಡಿಬಿಟ್ಟಿದ್ದ. ಮತ್ತೆ ಒತ್ತಿದ, ಮತ್ತೂ ಒತ್ತಿದ. ಗಾಜಿನಾಚೆ ಜಾವೀದ್ ಕೈ ಜೋಡಿಸಿ ಗಿರಾಕಿಗಳಿಗೆ ಏನೋ ಹೇಳುತ್ತಿದ್ದ. ಒಂದೊಂದಾಗಿ ಕೈಗಳು ಮೇಲೇಳತೊಡಗಿದವು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ನಾಗರತ್ನಮ್ಮ ಹೊರಗಿನ ಕಡೆ ಗಲ್ಲ ತೋರಿಸಿದರು. "ಅಗೋ, ಬಾಳ್ಳುಪೇಟೆ ಬಸ್ಸು. ಸಾಬ್ರು ಇಳೀತಾವ್ರೆ. ಇನ್ನು ಯಾರ್ ದನಿ ತೆಗೀತೀಯಪ್ಪ?"

ಬಿಳಿ ಟೋಪಿ, ಬಗಲಲ್ಲಿ ಛತ್ರಿ, ಅಬ್ದುಲ್ ರಶೀದರು ನೆಟ್ಟಗೆ ಕೆಫೆಯ ಕಡೆಗೇ ನಡೆದರು. ತಂದೆ ಒಳಗೆ ಹೋಗುತ್ತಾರೆ. ಮಗ ಗಿರಾಕಿಗಳನ್ನೆಲ್ಲ ತಲೆ ಮೇಲೆ ಕೈ ಹೊರಿಸಿ ಕೂರಿಸಿದ್ದಾನೆ. ಅಂಗಡಿ ಮುಳುಗಿತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಬೋರ್ಡು ಯಾರು ಬರೆಸಲು ಸಾಧ್ಯ? ಧರ್ಮ ಬೂತಿನಿಂದ ಹಾರಿದ. ನಡುಬೀದಿಯಲ್ಲಿ ಎಲೆಕೋಸಿನ ಲಾರಿಯೊಂದು ಹಿಂದಕ್ಕೆ ಬರುತ್ತ ಇಡೀ ದಾರಿಗೆ ಅಡ್ಡ ನಿಂತಿತ್ತು. ಅದನ್ನು ಸುತ್ತಿ, ಮೂಟೆಗಳನ್ನು ದಾಟಿ, ಯಾರದೋ ಸೈಕಲ್ ಕೆಡವಿ ಕೆಫೆಯ ಬಾಗಿಲಿಗೆ ಬಂದವನು ಹೊಸ್ತಿಲಲ್ಲೇ ಕಂಬವಾದ.

ನಾಲ್ಕು ಕಂಪ್ಯೂಟರಿನ ಮುಂದೆ ನಾಲ್ಕು ಜನ, ಎಲ್ಲರ ಕೈಯೂ ತಲೆಯ ಮೇಲೆ. ಸ್ಕೂಲ್ ಟೀಚರ್ ಶೀಲಾ ಮುಡಿದ ಮಲ್ಲಿಗೆ ಜಜ್ಜಿಹೋಗದಂತೆ ಬೆರಳಷ್ಟೇ ಇಟ್ಟಿದ್ದರು. ಚನ್ನಬಸವಯ್ಯನವರು ಮೊಣಕೈಗಳನ್ನು ರೆಕ್ಕೆಯಂತೆ ಅಗಲಿಸಿ ಕಣ್ಣು ಮಿಟುಕಿಸದೆ ಕೂತಿದ್ದರು. ಸರ್ವರಿನ ಪಕ್ಕ ಜಾವೀದ್, ಅವನ ಕೈಯೂ ಮೇಲೆ. ಅವನ ಪಕ್ಕದ ಸ್ಟೂಲಿನಲ್ಲಿ ಛತ್ರಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಬಿಳಿ ಟೋಪಿಯ ಮೇಲೆ ಎರಡೂ ಕೈ ಹೊತ್ತು, ಸಾಕ್ಷಾತ್ ಅಬ್ದುಲ್ ರಶೀದರು.

ಧರ್ಮ ಬಾಯಿ ತೆರೆದ. ನೂರು ದನಿ ಇದ್ದವನಿಗೆ ಒಂದೂ ಬರಲಿಲ್ಲ.

"ಯಾಕಯ್ಯ ನಿಂತೆ, ನೀನೂ ಕೈ ಎತ್ತು," ಎಂದರು ಚನ್ನಬಸವಯ್ಯನವರು, ತಲೆ ತಿರುಗಿಸದೆ. "ಬೆಂಗ್ಳೂರಿಂದ ತೊಳೀತಾವ್ರೆ."

ಕೈಗಳು ತಾವಾಗಿಯೇ ತಲೆಯ ಮೇಲೆ ಹೋದವು. ಅವನಿಗೂ ಈಗ ಅದಕ್ಕಿಂತ ಸೂಕ್ತ ಜಾಗ ತೋಚಲಿಲ್ಲ.

ಆಗ ಪೇಜು ಬಂತು. ರಶೀದರು ಕೇಳಿದ್ದು ಲಂಡನ್ನಿನ ಕಾಫಿ ಧಾರಣೆ. ಹಿಂದಿನ ಸಂಜೆಗಳಲ್ಲಿ ತಲೆಬರಹ ಬಂದು ನಿದ್ದೆ ಹೋಗುತ್ತಿದ್ದ ಆ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಸರಸರನೆ ಇಳಿಯಿತು. ಅತ್ತ ಚನ್ನಬಸವಯ್ಯನವರ ಪರದೆಯಲ್ಲಿ ಅರಬ್ಬಿ ಸಮುದ್ರ, ಕರಾವಳಿ, ಘಟ್ಟ, ಘಟ್ಟದ ನೆತ್ತಿಗೆ ಒಂದು ಮುಷ್ಟಿ ಬಿಳಿ ಮೋಡ, ಎಲ್ಲ ಇಡಿಯಾಗಿ ಮೂಡಿತು. ಶೀಲಾ ಟೀಚರ್ ಸಣ್ಣಗೆ ಉಸಿರೆಳೆದುಕೊಂಡರು. ಅಲ್ಲಿದ್ದವರೆಲ್ಲರ ಬಾಯಿ ಅರ್ಧ ತೆರೆದಿತ್ತು; ಪೂರಾ ತೆರೆದದ್ದು ಧರ್ಮನದೊಂದೇ. ತಾನು ಹೇಳಿದ್ದರಲ್ಲಿ ಒಂದಕ್ಷರವೂ ನಿಜವಿರಲಿಲ್ಲ ಎಂದು ಅಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ರಶೀದರು ಕೈ ಇಳಿಸಿ ಇನ್ನೊಂದು ಪೇಜು ಕೇಳಿದರು. ಉಳಿದವರೂ ಇಳಿಸಿದರು. ಈ ಸಲ ಅರ್ಧಕ್ಕೇ ನಿಂತಿತು. ಯಾರೂ ಹೇಳದೆಯೇ ಕೈಗಳೆಲ್ಲ ಮತ್ತೆ ಮೇಲೇರಿದವು. ಸ್ವಲ್ಪ ಹೊತ್ತಿಗೆ ಪೇಜು ಕದಲಿತು. ಮೈಯಲ್ಲಿ ನಿಜವಾಗಿಯೂ ಕರೆಂಟ್ ಇರಬೇಕೆಂದು ಧರ್ಮ ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡ.

ಜಾವೀದ್ ಮಾತ್ರ ಪರದೆ ಬಿಟ್ಟು ಚನ್ನಬಸವಯ್ಯನವರನ್ನು ನೋಡುತ್ತಿದ್ದ. ಕೈ ಇಳಿಸಿದ್ದೇ ತಡ, ಅವರ ಬೆರಳು ಮೌಸಿನ ಮೇಲೆ ಟಕಟಕ ಓಡುತ್ತಿತ್ತು. ಏನು ಮಾಡುತ್ತಿದ್ದೀರಿ ಎಂದು ಕೇಳಿದ.

"ರಿಫ್ರೆಶ್ ಒತ್ತಾ ಇವ್ನಿ ಕಣಯ್ಯ. ನೀನೇ ಅಲ್ವಾ ಹೇಳ್ಕೊಟ್ಟಿದ್ದು, ತಡ ಆದ್ರೆ ಒತ್ತಿ ಅಂತ. ಪಂಪ್‌ಸೆಟ್ ಎಂಜಿನ್ನಿಗೆ ಒಂದೇ ಸಲ ಹಗ್ಗ ಎಳೆದು ಬುಟ್ಬುಡ್ತೀವಾ? ಹತ್ತೋಗಂಟ ಎಳೀತಿರ್ಬೇಕು."

ಶೀಲಾ ಟೀಚರೂ ಒತ್ತುತ್ತಿದ್ದರು. ಎಲ್ಲರೂ ಒತ್ತುತ್ತಿದ್ದರು. ಸಂಜೆ ಬರುವ ತೋಟದವರೆಲ್ಲರಿಗೂ ಎಂಜಿನ್ನಿನ ಹಗ್ಗ ಎಳೆದೇ ಅಭ್ಯಾಸ. ಜಾವೀದ್ ಎಲ್ಲರನ್ನೂ ಕೈ ಕೆಳಗಿಟ್ಟು ಸುಮ್ಮನೆ ಕೂರಲು ಬೇಡಿಕೊಂಡ. ಪೇಜು ಬಂತು. ಒತ್ತಿ ಎಂದ. ನಿಂತಿತು. ಬಿಡಿ ಎಂದ. ಒಂದು ಗಳಿಗೆ ಒದ್ದಾಡಿ ಮತ್ತೆ ಬಂತು.

ಜಾವೀದ್ ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದು ತಂದೆಗೆ ವಿವರಿಸಿದ. ಒತ್ತಿದಷ್ಟು ಸಲವೂ ಅದು ಪ್ರಾಕ್ಸಿಗೆ ಹೊಸ ಆರ್ಡರು. ಹಳೆಯದನ್ನು ಅದು ಕೈಬಿಡುವುದಿಲ್ಲ. ಬೇಡವಾದದ್ದನ್ನೂ ಒಂದೇ ಸಣ್ಣ ಲೈನಿನಲ್ಲಿ ಹೊತ್ತು ತರುತ್ತಲೇ ಇರುತ್ತದೆ. ಬೆಳಿಗ್ಗೆ ಒತ್ತುವವರಿರಲಿಲ್ಲ, ಅದಕ್ಕೇ ಓಡುತ್ತಿತ್ತು. ತಿಂಗಳಿಡೀ ತಂತಿ ಕೆರೆದದ್ದು ದಂಡ. ಇನ್ನು ಒಬ್ಬರು ಒಂದೇ ಸಲ ಒತ್ತುವುದು ಎಂದು ಕಾನೂನು ಮಾಡಿದರೆ ಆಯಿತು.

ರಶೀದರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಕಾಫಿ ಬೀಜವಾಗಿದ್ದರೆ ಮೂಸುತ್ತಿದ್ದರು. "ಕೆಲ್ಸ ಮಾಡ್ತದೆ," ಎಂದರು ಕೊನೆಗೆ. "ಆ ಎಂಜಿನಿಯರ್ರಿಗೆ ಫೋನ್ ಹಚ್ಚು. ಇಷ್ಟು ದೂರದಿಂದ ನಮ್ಮ ಕೈ ಎಲ್ಲೈತೆ ಅಂತ ಕಂಡಿಡ್ದವನೆ ಅಂದ್ರೆ ಸಾಮಾನ್ಯ ಮನುಷ್ಯ ಅಲ್ಲ. ಮನೆಗೆ ಊಟಕ್ಕೆ ಕರೀಬೇಕು."

ಜಾವೀದ್ ಸಂಪರ್ಕ ಕಡಿದು ರಿಸೀವರ್ ಎತ್ತಿದ. ಇವನು ಹಚ್ಚಿದರೆ ಬೆಂಗಳೂರಿನವರು ನಮ್ಮಲ್ಲಿ ಯಾರೂ ನಿಮಗೆ ಫೋನೇ ಮಾಡಿಲ್ಲ ಎನ್ನುತ್ತಾರೆ. ಆಮೇಲೆ ತಂದೆಯ ಮುಂದೆ ಜಾವೀದನ ಗತಿ? ಧರ್ಮ ಒಂದು ಹೆಜ್ಜೆ ಮುಂದಿಟ್ಟ. ತನ್ನ ದನಿ ಇನ್ನೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಎಂಜಿನಿಯರದ್ದು, ಮೂಗಿನದು, ಕೆಮ್ಮಿನ ಸಮೇತ.

"ಫೋನ್ ಬೇಡ ಜಾವೀದ್ ಅವರೇ. ಎಂಜಿನಿಯರ್ ಇಲ್ಲೇ ಇದ್ದಾರೆ."

ಜಾವೀದನ ಕೈಯಲ್ಲಿ ರಿಸೀವರ್ ಗಾಳಿಯಲ್ಲೇ ನಿಂತಿತ್ತು. ಚನ್ನಬಸವಯ್ಯನವರು ತಮ್ಮ ಎರಡೂ ಅಂಗೈಗಳನ್ನು ಮೊದಲ ಸಲ ಕಾಣುತ್ತಿರುವವರಂತೆ ನೋಡಿಕೊಂಡರು. ರಶೀದರ ಮುಖದಲ್ಲಿ ಬಣ್ಣ ಏರಿತು.

"ಅಂದ್ರೆ ನಾನು, ಈ ವಯಸ್ಸಲ್ಲಿ, ಟೋಪಿ ಮ್ಯಾಲೆ ಕೈ ಹೊತ್ಕಂಡು ಕೂತಿದ್ದು..."

"ನಂದೇ ಕಿತಾಪತಿ ಚಾಚಾ. ನೀವ್ ಬರ್ತೀರ ಅಂತ ಗೊತ್ತಿರ್ಲಿಲ್ಲ. ಜಾವೀದಂದು ಏನೂ ತಪ್ಪಿಲ್ಲ, ಅಂಗಡಿ ಮುಚ್ಚಿಸ್ಬ್ಯಾಡಿ."

ಜಾವೀದ್ ರಿಸೀವರ್ ಇಟ್ಟು ಎದ್ದು ಬಂದ. ಬಾಗಿಲವರೆಗೆ ಎಳೆದಿದ್ದ ತಂತಿಯನ್ನು ನೋಡಿದ. ಹೊಳೆಯ ಕಡೆ ಮುಖ ಮಾಡಿದ ಮೋಡೆಮ್ಮನ್ನು ನೋಡಿದ. ಧರ್ಮನೆದುರು ಬಂದು ನಿಂತ. ಕಪಾಳಕ್ಕೆ ಬೀಳುವುದು ಖಚಿತವೆಂದು ಧರ್ಮ ಕಣ್ಣು ಮುಚ್ಚಿದ.

ಬಿದ್ದದ್ದು ಏಟಲ್ಲ. ಮೊದಲು ಏದುಸಿರಿನಂಥ ಸದ್ದು. ಕಣ್ಣು ಬಿಟ್ಟರೆ ಜಾವೀದ್ ಮೇಜು ಹಿಡಿದು ಬಗ್ಗಿದ್ದ, ಮೋಡೆಮ್ಮಿನ ಕಡೆ ಬೆರಳು ತೋರಿಸಿ ಏನೋ ಹೇಳಲು ಹೋಗಿ ಆಗದೆ ನೆಲಕ್ಕೆ ಕೂತಿದ್ದ. "ಹೊಳೆ ಎತ್ಲಾಗೈತೆ ಅಂತ... ಯೋಚ್ನೆ ಮಾಡ್ದೆ ಕಣೋ ಮಾರಾಯ," ಎಂದವನೇ ಮತ್ತೆ ಉರುಳಿದ. ಶೀಲಾ ಟೀಚರ್ ಸೆರಗು ಬಾಯಿಗಿಟ್ಟುಕೊಂಡರು. ಚನ್ನಬಸವಯ್ಯನವರ ಹೊಟ್ಟೆ ಸದ್ದಿಲ್ಲದೆ ಕುಲುಕಿತು. ಅಂಗಡಿ ಇರಲಿ, ಈ ಎಂಜಿನಿಯರನ್ನು ಮಾತ್ರ ಕೈ ಎತ್ತಿಸಿಯೇ ಒಳಗೆ ಬಿಡು ಎಂದು ಮಗನಿಗೆ ಗದರಲು ಹೊರಟ ರಶೀದರೂ ನಡುವೆಯೇ ಸೋತು ನಕ್ಕರು. ಆದರೆ ಯಾರ ನಗುವೂ ಜಾವೀದನದನ್ನು ಮೀರಲಿಲ್ಲ. ಅದು ಸಂತೆಯ ಗದ್ದಲವನ್ನೂ ಎಲೆಕೋಸಿನ ಲಾರಿಯನ್ನೂ ದಾಟಿ ಹೋಗಿ, ಎದುರಿನ ಬೂತಿನಲ್ಲಿ ನಾಗರತ್ನಮ್ಮ ಎದ್ದು ನಿಂತು ನೋಡುವ ಹಾಗಾಯಿತು.