ಅರಸರ ಕೇರಿಯ ಒಂದಕ್ಷರ

ವಿಶ್ವವಿದ್ಯಾಲಯದ ಹಿಂದಿನ ಗೇಟಿನೆದುರು ನನ್ನದೊಂದು ಟೈಪಿಂಗ್ ಅಂಗಡಿ. ಮೂವತ್ತೆಂಟು ವರ್ಷಗಳಿಂದ ಇಲ್ಲಿನ ಪಂಡಿತರ ಪ್ರಬಂಧಗಳೆಲ್ಲ ನನ್ನ ಬೆರಳಡಿಯಲ್ಲೇ ಹಾದುಹೋಗಿವೆ. ಯಾರು ಯಾರಿಂದ ಎಷ್ಟು ಪುಟ ಕದ್ದರು ಎಂಬುದು ನನಗೆ ಬಾಯಿಪಾಠ. ಬರೆದವರು ಮತ್ತೆ ಓದುವುದಿಲ್ಲ, ತಿದ್ದುವವರು ಓದುವುದೇ ಇಲ್ಲ, ಪದವಿ ಕೊಡುವವರಂತೂ ರಟ್ಟಿನ ದಪ್ಪ ನೋಡಿ ಸಹಿ ಹಾಕುತ್ತಾರೆ. ಅಷ್ಟು ದೊಡ್ಡ ಸಂಸ್ಥೆಗೆಲ್ಲ ಮೊದಲಿಂದ ಕೊನೆತನಕ ಓದುವವಳು ನಾನೊಬ್ಬಳೇ, ಅದೂ ವಿಧಿಯಿಲ್ಲದೆ.

ಇವರೊಳಗೆ ಘಟಾನುಘಟಿ ಎಂದರೆ ಇತಿಹಾಸದ ಮೇಷ್ಟ್ರು. ಈ ಬಡಾವಣೆಯ ಚರಿತ್ರೆ ಬರೆದವರು. ವಿಶ್ವವಿದ್ಯಾಲಯದ ಬೆನ್ನಿಗಿರುವ ಓಣಿ ಹಿಂದೆ ‘ಅರಸರ ಕೇರಿ’ಯಾಗಿತ್ತು ಎಂದು ಅವರ ಪುಸ್ತಕ ಸಾರುತ್ತದೆ. ಅದೊಂದು ಮಾತಿನ ಮೇಲೆ ಅವರಿಗೆ ಕುರ್ಚಿ ಬಂತು, ಹೆಸರು ಬಂತು.

ಆ ಕೇರಿಯಲ್ಲಿ ಯಾವ ಅರಸನೂ ಹೆಜ್ಜೆಯಿಟ್ಟಿಲ್ಲ. ಅಲ್ಲಿದ್ದವರು ಅಗಸರು, ಅಂದರೆ ನಮ್ಮವರು. ಹಾಸ್ಟೆಲಿನ ಹೊದಿಕೆ, ಮೇಷ್ಟ್ರುಗಳ ಕೋಟು, ಎಲ್ಲವನ್ನೂ ಒಗೆದವರು. ಮೇಷ್ಟ್ರ ಕೈಬರಹದಲ್ಲಿ ‘ಅಗಸರ ಕೇರಿ’ ಎಂದೇ ಇತ್ತು. ‘ಗ’ ಇದ್ದ ಕಡೆಯೆಲ್ಲ ‘ರ’ ಒತ್ತಿದವಳು ನಾನು.

ಕೈತಪ್ಪು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಶುದ್ಧ ಸುಳ್ಳು. ಆಗ ನನಗೆ ಹತ್ತೊಂಬತ್ತು. ಟೈಪಿಂಗ್ ಕಲಿಯುವ ಕಡೆ ಪಕ್ಕದ ಹುಡುಗಿ, ಬಟ್ಟೆ ಸೋಡಾ ವಾಸನೆ ಎಂದು ಮೂಗು ಮುಚ್ಚಿ ಕುರ್ಚಿಯನ್ನು ಆಚೆಗೆಳೆದುಕೊಳ್ಳುತ್ತಿದ್ದಳು. ನಾಚಿಕೆಯಾಗಿತ್ತು, ಒತ್ತಿಬಿಟ್ಟೆ. ಮೇಷ್ಟ್ರು ಓದಿ, ಬೈದು, ತಿದ್ದಿಸುತ್ತಾರೆ ಅಂದುಕೊಂಡೆ. ಪುಣ್ಯಾತ್ಮರು ಓದಲೇ ಇಲ್ಲ.

‘ಅರಸರು ದಿನವೂ ಕೊಳೆಬಟ್ಟೆಯ ಗಂಟು ಹೊತ್ತು ಕೆರೆಗೆ ಹೋಗುತ್ತಿದ್ದರು’ ಎಂದು ಅಚ್ಚಾಯಿತು. ಓದಿದ ಮೂರು ಜನಕ್ಕಾದರೂ ಅನುಮಾನ ಬರಬೇಕಿತ್ತಲ್ಲ? ಇಲ್ಲ. ಅದರ ಮೇಲೆ ಒಬ್ಬ ‘ಅರಸರ ವಿನಯ’ ಎಂದು ನಾನೂರು ಪುಟ ಗೀಚಿ ಡಾಕ್ಟರಾದ. ಅದನ್ನೂ ನಾನೇ ಟೈಪ್ ಮಾಡಿದೆ, ನಗು ಬಂದು ಎರಡು ಹಾಳೆ ಕೆಟ್ಟವು.

ಆದರೆ ಈ ವರ್ಷ ನಗು ನಿಂತುಹೋಯಿತು. ಅರಸರ ಕೇರಿಯನ್ನು ಸ್ಮಾರಕ ಮಾಡುತ್ತಾರಂತೆ, ಆಮೇಲೆ ಬಂದು ಸೇರಿಕೊಂಡವರನ್ನು ಎಬ್ಬಿಸುತ್ತಾರಂತೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ ಚಿಕ್ಕಮ್ಮ ಅಲ್ಲೇ ಮೂರನೇ ಮನೆಯಲ್ಲಿದ್ದಾಳೆ. ಎಪ್ಪತ್ತಾರು ವರ್ಷದ ಆಕೆ ನೋಟಿಸು ಹಿಡಿದು ಅಂಗಡಿಗೆ ಬಂದಳು.

“ನಾನು ಹುಟ್ಟಿದ್ದೇ ಈ ಮನೇಲಿ ಕಣೇ. ಅದ್ಯಾವ ಅರಸ ಬಂದು ಕೇಳ್ತಿದಾನೆ?”

ಆ ಅರಸನನ್ನು ಹುಟ್ಟಿಸಿದವಳು ನಾನೇ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಪೆಟ್ಟಿಗೆಯಲ್ಲಿದ್ದ ಹಳೆಯ ಕೈಬರಹ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರ ಮಹಡಿಮನೆ ಇರುವುದು ಕೇರಿಯ ತುದಿಯಲ್ಲೇ, ನಮ್ಮವರು ಬಟ್ಟೆ ಒಣಹಾಕುತ್ತಿದ್ದ ಜಾಗದಲ್ಲಿ. ಹಿತ್ತಲಲ್ಲಿ ಬಟ್ಟೆ ಬೇಯಿಸುವ ಒಲೆಯ ಮಸಿ ಹಿಡಿದ ಗೋಡೆ ಉಳಿದಿದೆ. ಬಂದವರಿಗೆಲ್ಲ ಅದನ್ನು ಅರಮನೆಯ ಗೋಡೆ ಎಂದು ತೋರಿಸುತ್ತಾರೆ.

ತಮ್ಮದೇ ಅಕ್ಷರವನ್ನು ಅವರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

“ಇದು ‘ರ’ ತಾನೆ?”

“‘ಗ’ ಸಾರ್. ತಪ್ಪು ನಂದೇ. ಈಗ್ಲಾದ್ರೂ ತಿದ್ದಿ, ನಮ್ ಚಿಕ್ಕಮ್ಮ ಬೀದಿಗೆ ಬೀಳ್ತಾಳೆ.”

“ನೋಡಮ್ಮ, ಹದಿನಾಲ್ಕು ಪ್ರಬಂಧದಲ್ಲಿ ಬಂದಾಗಿದೆ. ಅಚ್ಚಾದ್ಮೇಲೆ ಮುಗೀತು, ಅದೇ ಆಧಾರ. ಅಂದ ಹಾಗೆ, ನಾಳೆ ಸ್ಮಾರಕ ಸಮಿತಿ ಸಭೆಗೆ ಈ ನಿರ್ಣಯ ಟೈಪ್ ಮಾಡ್ಕೊಡು.”

ಮನೆ ಕೆಡವುವ ಕಾಗದವನ್ನು ಅದೇ ಮನೆಯ ಮಗಳ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡರು.

‘ಅರಸರ ಕೇರಿಯ ಮೂಲ ಸ್ವರೂಪ ಉಳಿಸಲು, ಅರಸರ ಕಟ್ಟಡಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ತೆರವುಗೊಳಿಸತಕ್ಕದ್ದು’ ಎಂದಿತ್ತು ಕರಡು. ನಾನು ಎರಡು ಕಡೆ ‘ರ’ ಬಿಟ್ಟು ‘ಗ’ ಒತ್ತಿದೆ. ಈ ಸಲ ನಾಚಿಕೆಯಾಗಲಿಲ್ಲ. ಮರುದಿನ ಹನ್ನೊಂದು ಜನ ಸದಸ್ಯರು ಬಿಸ್ಕತ್ತು ಕಡಿಯುತ್ತ ಸಹಿ ಹಾಕಿದರು. ಮೊದಲ ಸಹಿ ಮೇಷ್ಟ್ರದ್ದು.

ನಗರ ಕಚೇರಿಯ ಸರ್ವೆಯವನು ಪಾಪ, ವಿದ್ವಾಂಸನಲ್ಲ. ಕಾಗದವನ್ನು ಓದಿಕೊಂಡೇ ಬಂದಿದ್ದ. ಟೇಪು ಹಿಡಿದು ಮನೆಮನೆ ವಿಚಾರಿಸಿದ. ಚಿಕ್ಕಮ್ಮ “ಅಗಸರಪ್ಪಾ, ನಮ್ಮಜ್ಜನ ಕಾಲದಿಂದ” ಎಂದಳು. ಬರೆದುಕೊಂಡು ಮುಂದೆ ಹೋದ. ತುದಿಯ ಮಹಡಿಮನೆಯಲ್ಲೂ ಅದನ್ನೇ ಕೇಳಿದ.

“ನೀವು ಅಗಸರಾ ಸಾರ್?”

“ಏಯ್, ಯಾರನ್ನ ಏನ್ ಕೇಳ್ತಿದೀಯ? ನಾನ್ಯಾಕಯ್ಯ ಅಗಸ ಆಗ್ಲಿ!”

ಅವನು ಗೇಟಿಗೆ ಕೆಂಪು ಬಣ್ಣದಲ್ಲಿ ತೆರವಿನ ಅಡ್ಡಗೆರೆ ಎಳೆದ.

ಮೇಷ್ಟ್ರು ಏದುಸಿರು ಬಿಡುತ್ತ ಅಂಗಡಿಗೆ ಬಂದರು. “ಏನಮ್ಮ ಮಾಡ್ಬಿಟ್ಟೆ! ಒಂದಕ್ಷರ ತಪ್ಪಾಗಿದೆ!”

“ಸಹಿ ಆದ್ಮೇಲೆ ಮುಗೀತು ಸಾರ್, ಅದೇ ಆಧಾರ. ತಿದ್ದಬೇಕು ಅಂದ್ರೆ ಮೂಲ ಕೈಬರಹ ಕೇಳ್ತಾರೆ. ಅದ್ರಲ್ಲಿ ಏನಿದೆ ಅಂತ ನಿಮಗೇ ಗೊತ್ತಲ್ಲ.”

ಅವರು ಬೆಂಚಿನ ಮೇಲೆ ಕೂತರು. ಅಷ್ಟು ಹೊತ್ತಿಗೆ ಅವರಿಗೇ ಹೊಳೆಯಿತು, ಮನೆ ಉಳಿಯುವ ದಾರಿ ಒಂದೇ, ಅದರಲ್ಲೂ ಅಗಸರ ಕಟ್ಟಡ ಇದೆಯೆಂದು ತೋರಿಸುವುದು. ಮೆಲ್ಲಗೆ ಹೇಳಿ ಬರೆಸಿದರು: ‘ನನ್ನ ಹಿತ್ತಲ ಗೋಡೆ ಅರಮನೆಯದ್ದಲ್ಲ. ಅಗಸರು ಬಟ್ಟೆ ಬೇಯಿಸುತ್ತಿದ್ದ ಒಲೆಯದ್ದು. ಈ ಕೇರಿ ಮೊದಲಿನಿಂದಲೂ ಅಗಸರದ್ದೇ. ಅರಸರ ಕೇರಿ ಎಂಬ ನನ್ನ ಬರಹ ತಪ್ಪು.’

ಹಾಳೆ ತೆಗೆದು ಸಹಿಗೆ ಕೊಟ್ಟೆ. ಅವರು ಪೆನ್ನು ಮುಚ್ಚಿಟ್ಟು, ಕನ್ನಡಕ ಒರೆಸಿಕೊಂಡು, ಪ್ರತಿ ಅಕ್ಷರಕ್ಕೂ ಬೆರಳಿಟ್ಟು ಓದತೊಡಗಿದರು. ಮೂವತ್ತೆಂಟು ವರ್ಷಗಳಲ್ಲಿ ಅದೇ ಮೊದಲು. ‘ಗ’ ಬಂದಲ್ಲೆಲ್ಲ ಎರಡೆರಡು ಸಲ ನೋಡಿದರು.