ಸಾಲು ಕೊಡುವವಳು

ಪೆಟ್ಟಿಗೆಯೊಳಗೆ ಅರ್ಧ ಇಳಿಯುವಷ್ಟರಲ್ಲಿ ಸೆಪಾಳ ಸೊಂಟ ಸಿಕ್ಕಿಕೊಂಡಿತು. ಕಾಲು ಕೆಳಗೆ ನೆಲ ಹುಡುಕುತ್ತಿತ್ತು, ಕೈ ವೇದಿಕೆಯ ಹಲಗೆ ಹಿಡಿದಿತ್ತು, ನಡುವಿನ ಭಾಗ ಮಾತ್ರ ಮೇಲಕ್ಕೂ ಬಾರದು ಕೆಳಕ್ಕೂ ಹೋಗದು. ವೇದಿಕೆಯ ಮುಂಭಾಗದಲ್ಲಿ, ನಟರ ಕಾಲಬುಡದಲ್ಲೇ ಇದ್ದ ಆ ಪೆಟ್ಟಿಗೆಯನ್ನು ಅವಳ ಗಂಡ ಟೆಬಾನ್ ತನ್ನ ಅಳತೆಗೆ ತಾನೇ ಮಾಡಿಕೊಂಡಿದ್ದ. ಅವನೋ, ಒಣಮೀನಿನಂಥ ಮನುಷ್ಯ.

"ಎಣ್ಣೆ ತರ್ಲಾ ಸೆಪಕ್ಕ?" ಎಂದ ಗೊರ್ಯೊ, ಮೇಲಿನಿಂದ ಬಗ್ಗಿ. ಬೆಳಿಗ್ಗೆಯೆಲ್ಲ ಬೈಕಿಗೆ ಪಕ್ಕಗಾಡಿ ಕಟ್ಟಿದ ಬಾಡಿಗೆ ಟ್ರೈಸಿಕಲ್ ಓಡಿಸಿ ಬಂದವನು ಈಗ ಚಿನ್ನದ ಕಾಗದದ ಕಿರೀಟ, ನೆಲ ಗುಡಿಸುವ ಕೆಂಪು ಮಖಮಲ್ಲಿನ ಮೇಲಂಗಿ ತೊಟ್ಟು ರಾಜನಾಗಿದ್ದ.

"ನಿನ್ನ ಗಾಡಿಗೆ ಹಾಕ್ಕೋ ಹೋಗು, ಊರೆಲ್ಲ ಕಿರುಚ್ಕೊಂಡು ತಿರುಗತ್ತೆ. ಈಗ ನನ್ನ ಹೆಗಲು ಒತ್ತು."

ಗೊರ್ಯೊ ಎರಡೂ ಕೈಯಿಂದ ಒತ್ತಿದ. ಸೆಪಾ ದಬಕ್ಕನೆ ಒಳಗೆ ಕೂತಳು. ಮುಂದಿನ ಸಾಲಿನವರು ಹೊಟ್ಟೆ ಹಿಡಿದು ನಕ್ಕರು. ಅವಳಿಗೆ ನಗು ಬರಲಿಲ್ಲ, ಆಟದ ಪುಸ್ತಕ ತೆರೆದು ಮೊದಲ ಪುಟ ಹುಡುಕಿದಳು.

ಸಾಂತಾ ಫಿಲೊಮೆನಾ ಊರಿನಲ್ಲಿ ಕೊಮೆಡ್ಯ ಎಂಬ ರಾಜ-ಸುಲ್ತಾನರ ಪದ್ಯನಾಟಕ ಆಡುವುದು ಷೋಕಿಗಲ್ಲ, ಹರಕೆಗೆ. ಮುತ್ತಜ್ಜಂದಿರ ಕಾಲದಲ್ಲಿ ಕಾಲರಾ ಬಂದು ಕೆರೆದಂಡೆಯ ಮನೆಗಳೆಲ್ಲ ಖಾಲಿಯಾಗುತ್ತಿದ್ದಾಗ ಹೊತ್ತ ಹರಕೆ ಅದು. ಮೂರು ಮಧ್ಯಾಹ್ನದ ಆಟ, ಒಂದೂವರೆ ಸಾವಿರ ಪದ್ಯ. ಅಷ್ಟನ್ನು ಟ್ರೈಸಿಕಲ್ ಓಡಿಸುವವನು, ಮೀನು ಮಾರುವವನು ಯಾವಾಗ ಬಾಯಿಪಾಠ ಮಾಡಬೇಕು? ಯಾರೂ ಮಾಡುವುದಿಲ್ಲ. ಅದರಲ್ಲಿ ನಾಚಿಕೆಯೂ ಇಲ್ಲ, ಪದ್ಧತಿಯೇ ಹಾಗೆ. ಪೆಟ್ಟಿಗೆಯಲ್ಲಿ ಕೂತವನು ತಗ್ಗಿದ ದನಿಯಲ್ಲಿ ಸಾಲು ಕೊಡುತ್ತಾನೆ, ಮೇಲಿದ್ದವನು ಕೈಚಾಚಿ ಅದನ್ನು ಗಂಟಲು ತುಂಬ ಹಾಡುತ್ತಾನೆ. ಪದ್ಯ ಮುಗಿದ ಕೂಡಲೇ ಬ್ಯಾಂಡು ಬಾರಿಸುತ್ತದೆ, ಹಾಡಿದವನು ಎದೆಯುಬ್ಬಿಸಿ ಹೆಜ್ಜೆ ಹಾಕುತ್ತಾನೆ. ಹೀಗೆ ಮೂವತ್ತೊಂದು ವರ್ಷ ಸಾಲು ಕೊಟ್ಟ ಟೆಬಾನ್ ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡ.

ಊರಿನ ಆಡಳಿತ ನೋಡುವ ಬಾರಾಂಗೈ ಕ್ಯಾಪ್ಟನ್ನಿಗೆ ಅಷ್ಟೇ ಸಾಕಾಯಿತು. ಪಟ್ಟಣದ ರೇಡಿಯೊದವರಿಂದ ಇಡೀ ಆಟದ ಮಾತನ್ನು ರೆಕಾರ್ಡ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದಿಟ್ಟುಕೊಂಡ. ನಟರು ಬಾಯಿ ಆಡಿಸಿದರೆ ಮುಗಿಯಿತಂತೆ. ಊರಿನವರು ಗೊಣಗಿದರು. ಆಟ ಕಲಿಸುವ ಅಂಬೊ ಮೇಷ್ಟ್ರು ಊಟ ಬಿಟ್ಟು ಕೂತರು. ಆದರೆ ಆ ಪೆಟ್ಟಿಗೆಯಲ್ಲಿ ಕೂರಲು ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಬಂದವಳು ಸೆಪಾ, ಸಂತೆಯಲ್ಲಿ ಎಲೆಕಡುಬು ಮಾರುವ ಸೆಪಾ. ಟೆಬಾನನ ಕಣ್ಣು ಮಂಜಾದ ಮೇಲೆ ಆರು ವರ್ಷ ದಿನಾ ಸಂಜೆ ಪುಸ್ತಕ ಓದಿ ಅವನಿಗೆ ಸಾಲು ಬಾಯಿಪಾಠ ಮಾಡಿಸಿದ್ದವಳು ಅವಳೇ.

"ಕೆಳಗಿಂದ ಹೆಂಗಸಿನ ದನಿ ಬಂದ್ರೆ ರಾಜನಿಗೆ ಗಂಟಲು ಏಳತ್ತಾ?" ಎಂದಿದ್ದರು ಮೇಷ್ಟ್ರು.

"ಮನೇಲಿ ರಾಜನ್ನ ಎಬ್ಬಿಸೋದು ಯಾರ ದನಿ ಮೇಷ್ಟ್ರೇ? ಹೋಗಿ ಗೊರ್ಯೊನ ಹೆಂಡ್ತೀನ ಕೇಳಿ."

ಮೇಷ್ಟ್ರು, "ಆ ಪೆನ್‌ಡ್ರೈವಿಗಿಂತ ನೀನು ವಾಸಿ, ಅಷ್ಟೇ. ಹಿಗ್ಗಬೇಡ" ಎಂದರು. "ಇನ್ನೊಂದು ಮಾತು. ಪುಸ್ತಕದಲ್ಲಿ ಇಲ್ಲದ್ದು ಒಂದಕ್ಷರಾನೂ ನಿನ್ನ ಬಾಯಿಂದ ಬರಕೂಡದು. ಟೆಬಾನ್ ಮೂವತ್ತೊಂದು ವರ್ಷದಲ್ಲಿ ಒಂದಕ್ಷರ ಸೇರಿಸಿಲ್ಲ."

ಕ್ಯಾಪ್ಟನ್ನೂ ಒಪ್ಪಿದ, ಅವನದೇ ಷರತ್ತಿನ ಮೇಲೆ. ಸೆಪಾ ಎಲ್ಲಿ ಎಡವುತ್ತಾಳೋ ಅಲ್ಲಿಂದ ಪೆನ್‌ಡ್ರೈವ್ ಹಾಕುವುದು, ಮುಂದಿನ ವರ್ಷದಿಂದ ಪೆಟ್ಟಿಗೆಗೆ ಹಲಗೆ ಹೊಡೆದು ಮುಚ್ಚುವುದು. ಅದಕ್ಕೇ ಈಗ ದೊಡ್ಡ ಸ್ಪೀಕರಿನ ಪಕ್ಕದಲ್ಲಿ ಧ್ವನಿವರ್ಧಕದವನು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂತಿದ್ದ. ಗಂಡ ಕೂತು ಕೂತು ನುಣುಪಾಗಿಸಿದ ಪೆಟ್ಟಿಗೆಯೊಳಗಿನ ಮಣೆಯ ಮೇಲೆ ಹಲಗೆ ಬೀಳಲು ಸೆಪಾ ಬಿಡುವವಳಲ್ಲ.

ಮೊದಲ ಒಂದು ಗಂಟೆ ಚೆನ್ನಾಗಿಯೇ ಹೋಯಿತು. ಎರಡು ಪದ್ಯವಾಗುತ್ತಲೇ ಅವಳ ದನಿ ಹದಕ್ಕೆ ಬಂತು. ರಾಜನೂ ಹಾಡಿದ, ಸುಲ್ತಾನನೂ ಹಾಡಿದ, ಕತ್ತಿಗೆ ಕತ್ತಿ ತಾಗಿತು. ಮುಂದಿನ ಸಾಲಿನ ಮುದುಕಿಯರು ಬೀಸಣಿಗೆ ಮಡಚಿಟ್ಟು ಕಣ್ಣೊರೆಸಿಕೊಂಡರು. ಮೇಷ್ಟ್ರು ಪರದೆಯ ಪಕ್ಕ ನಿಂತು ತುಟಿ ಆಡಿಸುತ್ತ ಅಕ್ಷರ ಅಕ್ಷರ ಪರೀಕ್ಷೆ ಮಾಡುತ್ತಿದ್ದರು.

ಆಮೇಲೆ ಗೋಪುರದ ದೃಶ್ಯ ಬಂತು. ಬಿದಿರು ಕಟ್ಟಿ, ಗೋಣಿಗೆ ಬಣ್ಣ ಬಳಿದು ಮಾಡಿದ ಗೋಪುರ. ಅದರ ತುದಿಯ ಕಿಟಕಿಯಲ್ಲಿ ಶತ್ರು ಸುಲ್ತಾನನ ಮಗಳಾಗಿ ರೊವೆನಾ ನಿಂತಿದ್ದಳು. ಶಾಲೆಯ ಗೇಟಿನಲ್ಲಿ ಬಾಳೆಹಣ್ಣು ಕರಿದು ಮಾರುವ ಹುಡುಗಿ, ಧೈರ್ಯಸ್ಥೆ. ರಾಜ ಬಂದು ಗೋಪುರಕ್ಕೆ ಬೆನ್ನು ತಾಗುವಷ್ಟು ಹತ್ತಿರ ನಿಂತು ಕತ್ತಿಯೆತ್ತಿದ. ನೆಲದ ಮಟ್ಟದಲ್ಲಿ ಕೂತ ಸೆಪಾಳಿಗೆ ಮಾತ್ರ ಒಂದು ವಿಷಯ ಕಂಡಿತು. ಮೇಲಂಗಿಯ ಅಂಚು ಗೋಪುರದ ಬುಡದ ಮೊಳೆಗೆ ಸಿಕ್ಕಿತ್ತು, ಬುಡದ ಹಗ್ಗ ಆಗಲೇ ಅರ್ಧ ಸಡಿಲಾಗಿತ್ತು. ಪದ್ಯ ಮುಗಿದು ಬ್ಯಾಂಡು ಬಾರಿಸಿದರೆ ಗೊರ್ಯೊ ಮೂರು ದೊಡ್ಡ ಹೆಜ್ಜೆ ಹಾಕುತ್ತಾನೆ. ಗೋಪುರ ಬೀಳುತ್ತದೆ, ಜೊತೆಗೆ ರೊವೆನಾ.

ಸೆಪಾಳಿಗೆ ಪುಸ್ತಕ, ಷರತ್ತು, ಎಲ್ಲ ಮರೆತುಹೋಯಿತು. "ಗೊರ್ಯೊ, ಅಲ್ಲೇ ನಿಲ್ಲೋ, ನಿನ್ನ ಮೇಲಂಗಿ ಮೊಳೆಗೆ ಸಿಕ್ಕಿದೆ, ಹೆಜ್ಜೆ ಇಟ್ರೆ ಗೋಪುರ ಬೀಳತ್ತೆ" ಎಂದಳು.

ರಾಜನ ಪಾತ್ರ ಮಾಡಿದ ಇಪ್ಪತ್ತೆರಡು ವರ್ಷದಲ್ಲಿ ಗೊರ್ಯೊ ಕೆಳಗಿಂದ ಬಂದ ಮಾತನ್ನು ಒಮ್ಮೆಯಾದರೂ ಅರ್ಥ ಮಾಡಿಕೊಂಡವನಲ್ಲ. ಅದು ಅವನ ಕೆಲಸವೂ ಅಲ್ಲ. ಕಿವಿಗೆ ಬಿದ್ದದ್ದು ಬಾಯಿಂದ ಹೊರಡಬೇಕು, ಅಷ್ಟೇ. ಅವನು ಕತ್ತಿಯನ್ನು ಆಕಾಶಕ್ಕೆ ಚಾಚಿ, ಕಣ್ಣು ಅರೆಮುಚ್ಚಿ, ರಾಗವಾಗಿ ಹಾಡಿದ: "ಗೊರ್ಯೊ, ಅಲ್ಲೇ ನಿಲ್ಲೋ... ನಿನ್ನ ಮೇಲಂಗಿ ಮೊಳೆಗೆ ಸಿಕ್ಕಿದೆ... ಹೆಜ್ಜೆ ಇಟ್ರೆ ಗೋಪುರ ಬೀಳತ್ತೆ..."

ಆಗ ಎದ್ದ ನಗು ಕೆರೆಯಾಚೆಗೂ ಕೇಳಿಸಿರಬೇಕು. ಕಹಳೆಯವನು ಕಹಳೆ ಬಿಟ್ಟು ಮಂಡಿಯ ಮೇಲೆ ತಲೆಯಿಟ್ಟ. ಮೇಷ್ಟ್ರ ಮುಖ ಬಿಳುಚಿತು. ಕ್ಯಾಪ್ಟನ್ ಎದ್ದು ನಿಂತು ಸ್ಪೀಕರಿನವನ ಕಡೆ ಕೈಯೆತ್ತಿದ. ಇತ್ತ ಬ್ಯಾಂಡಿನ ಮುಖ್ಯಸ್ಥ, ಪದ್ಯ ಮುಗಿಯಿತೆಂದುಕೊಂಡು, ಕೋಲು ಮೇಲಕ್ಕೆತ್ತಿದ.

ಇನ್ನು ನಿಲ್ಲು ಎಂದರೆ ನಿಲ್ಲು ಎಂದೇ ಹಾಡುತ್ತಾನೆ ಮಹಾರಾಯ. ಆದರೆ ಸಾಲು ಬರುತ್ತಿರುವಷ್ಟು ಹೊತ್ತು ಅವನು ಕದಲುವುದಿಲ್ಲ. ಅದೊಂದೇ ದಾರಿ. ಸಾವಿನ ಮನೆಯಲ್ಲಿ ಒಂಬತ್ತನೆಯ ದಿನ ಎರಡು ಗುಂಪಾಗಿ ಕೂತು ಪದ್ಯಕ್ಕೆ ಪದ್ಯ ಕಟ್ಟುವ ಆಟದಲ್ಲಿ ಸೆಪಾ ಎಷ್ಟೋ ಗಂಡಸರ ಬಾಯಿ ಮುಚ್ಚಿಸಿದ್ದವಳು. ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿ ಸಾಲು ಕೊಟ್ಟಳು. ಗೊರ್ಯೊ ಎತ್ತಿಕೊಂಡ:

"ಗೋಪುರವೇ ಹಿಡಿದಿಹುದು ಮೇಲಂಗಿಯ ಅಂಚನು,
ಹೇಗಿಡಲಿ ರಾಜಪುತ್ರಿ, ಇನ್ನೊಂದು ಹೆಜ್ಜೆಯನು?
ಉರುಳಿದರೆ ಕೋಟೆಯಿದು, ಉರುಳುವೆವು ನೀನು ನಾನು;
ಬಿಡಿಸುವ ಕೈ ನಿನ್ನದೇ, ಬಾಗಿ ಬಾ, ಕಾದಿಹೆನು."

ನಗು ಎಲ್ಲಿಯೋ ಮಧ್ಯದಲ್ಲಿ ನಿಂತುಹೋಯಿತು. ಎಂಬತ್ತು ವರ್ಷದವರಿಗೆಲ್ಲ ಗೊತ್ತಿತ್ತು, ಇದು ಪುಸ್ತಕದ್ದಲ್ಲ. ಬ್ಯಾಂಡಿನ ಕೋಲು ಮೇಲೆತ್ತಿದಂತೆಯೇ ಉಳಿಯಿತು. ರೊವೆನಾ ಕಿಟಕಿಯಿಂದ ಬಗ್ಗಿ ನೋಡಿದಳು. ಮೊಳೆ ಕಂಡಿತು, ಹಗ್ಗವೂ ಕಂಡಿತು. ಸೆಪಾ ಈಗ ಅವಳ ಕಡೆ ತಿರುಗಿದಳು. ಸಾವಿನ ಮನೆಯ ಆಟದಲ್ಲಿ ಎದುರಾಳಿಯ ಪ್ರಾಸವನ್ನೇ ಹಿಡಿದು ಉತ್ತರಿಸಬೇಕು, ಇಲ್ಲದಿದ್ದರೆ ಸೋತಂತೆ.

"ಶತ್ರುವಿನ ಬಟ್ಟೆಗೆ ಬಾಗೀತೇ ಈ ಬೆನ್ನು?
ಬಾಗುವೆನು ಇಂದು ನಾ, ಯಾರೇನೆ ಅಂದರೂ ಇನ್ನು..."

ಹಾಡುತ್ತಲೇ ರೊವೆನಾ ಗೋಪುರದ ಏಣಿಯಲ್ಲಿ ಎರಡು ಮೆಟ್ಟಿಲು ಇಳಿದು, ಹೊಟ್ಟೆಯ ಮೇಲೆ ಜೋತುಬಿದ್ದು ಕೈ ಚಾಚಿದಳು. ಬಿದಿರು ಕಿರ್ರೆಂದಿತು. ಮುಂದಿನ ಸಾಲಿನಲ್ಲಿ ಯಾರೋ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಬೆರಳಿಗೂ ಬಟ್ಟೆಗೂ ಇನ್ನೂ ಒಂದು ಗೇಣು ಇತ್ತು. ಸೆಪಾ ಮೂರನೆಯ ಸಾಲು ಕೊಟ್ಟಳು, ಬೆರಳು ಮುಟ್ಟಲಿಲ್ಲ. ಅದೇ ಸಾಲನ್ನು ಮತ್ತೆ ಕೊಟ್ಟಳು.

"ಸಿಕ್ಕನ್ನು ಬಿಡಿಸಲು ಬೇಕೇನು ಕತ್ತಿಯ ಮೊನೆಯನು?
ಸಿಕ್ಕನ್ನು ಬಿಡಿಸಲು ಬೇಕೇನು ಕತ್ತಿಯ ಮೊನೆಯನು?"

ಈ ಸಲ ಬೆರಳು ತಾಗಿತು, ರೊವೆನಾ ಎಳೆದಳು. ಮಖಮಲ್ಲು ಪರ್ರನೆ ಒಂದಿಷ್ಟು ಹರಿದು ಮೊಳೆಯಿಂದ ಕಳಚಿತು. ಸೆಪಾ ಕೊನೆಯ ಸಾಲು ಬಿಟ್ಟಳು, ರೊವೆನಾ ತಲೆ ಕೆಳಗಾಗಿಯೇ ಅದನ್ನು ಊರು ಮೊಳಗುವಂತೆ ಹಾಡಿದಳು: "ಹೋಗು ರಾಜ, ಗೆದ್ದು ಬಾ, ಬಿಡಿಸಿದೆನು ನಿನ್ನನು."

ಬ್ಯಾಂಡು ಬಾರಿಸಿತು. ಗೊರ್ಯೊ ಮೂರು ಹೆಜ್ಜೆ ಹಾಕಿದ. ಗೋಪುರ ನಿಂತೇ ಇತ್ತು. ಜನ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದರು. ಕೂಗಿದ್ದು ರಾಜನ ಹೆಸರಲ್ಲ, ರಾಜಕುಮಾರಿಯದೂ ಅಲ್ಲ. "ಸೆಪಾ, ಸೆಪಾ" ಎಂದು ಇಡೀ ಊರು ಕೂಗುತ್ತಿತ್ತು. ಎಂಥ ಖುಷಿ ಅಂತೀರಿ, ಸ್ಪೀಕರಿನವನು ಗುಂಡಿ ಬಿಟ್ಟು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಿದ್ದ. ಕ್ಯಾಪ್ಟನ್ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಚಪ್ಪಾಳೆ ತಟ್ಟಿಬಿಟ್ಟ. ಪೆಟ್ಟಿಗೆಯ ಕತ್ತಲಲ್ಲಿ ಸೆಪಾ ಅಂಗಿಯ ತೋಳಿನಲ್ಲೇ ಮೂಗೊರೆಸಿಕೊಂಡು ಪುಸ್ತಕ ತೆರೆದು ಮುಂದಿನ ಪದ್ಯ ಹುಡುಕಿದಳು.

ಆ ದಿನದ ಆಟ ಮುಗಿದಾಗ ಬಿಸಿಲು ಇನ್ನೂ ಇತ್ತು. ನಟರೆಲ್ಲ ನೂಡಲ್ಸಿನ ತಟ್ಟೆಗೆ ಮುಗಿಬಿದ್ದಿದ್ದರು. ಸೆಪಾ ಪೆಟ್ಟಿಗೆಯಲ್ಲೇ ಇದ್ದಳು, ಎತ್ತಲು ಇಬ್ಬರು ಬೇಕಿತ್ತು. ಕ್ಯಾಪ್ಟನ್ ಬಂದು ಬಗ್ಗಿ, "ಮುಂದಿನ ವರ್ಷಕ್ಕೆ ಈ ಪೆಟ್ಟಿಗೇನ ಸ್ವಲ್ಪ ಅಗಲ ಮಾಡಿಸ್ಲಾ ಸೆಪಕ್ಕ?" ಎಂದ.

"ಮಾಡ್ಸು. ಮಣೆ ಮಾತ್ರ ಮುಟ್ಟಬೇಡ."

ಅವನು ಹೋದ ಮೇಲೆ ಅಂಬೊ ಮೇಷ್ಟ್ರು ಬಂದರು. ವೇದಿಕೆಯ ಅಂಚಿನಲ್ಲಿ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತು, "ಪುಸ್ತಕ ಕೊಡು ಇಲ್ಲಿ" ಎಂದರು.

ಸೆಪಾ ಪುಸ್ತಕ ಕೊಟ್ಟಳು. "ಬೈಯೋದಿದ್ರೆ ಮೊದ್ಲು ನನ್ನ ಮೇಲೆತ್ತಿಸಿ, ಆಮೇಲೆ ಬೈಯಿರಿ ಮೇಷ್ಟ್ರೇ. ಹುಡುಗಿ ಬೀಳ್ತಿದ್ಲು, ಇನ್ನೇನ್ ಮಾಡ್ಲಿ?"

ಮೇಷ್ಟ್ರು ಹಳದಿಯಾದ ಹಾಳೆಗಳನ್ನು ಒಂದೊಂದಾಗಿ ತಿರುವಿ ಗೋಪುರದ ದೃಶ್ಯ ಹುಡುಕಿದರು. ಪದ್ಯಗಳ ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗವಿತ್ತು. ಜೇಬಿನಿಂದ ಪೆನ್ಸಿಲ್ ತೆಗೆದರು, ನೋಡಿದರು, ಮತ್ತೆ ಒಳಗಿಟ್ಟು ಪೆನ್ನು ತೆಗೆದರು. ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕಿವಿಯನ್ನು ಪೆಟ್ಟಿಗೆಯ ಕಡೆ ಬಾಗಿಸಿದರು.

"ಸಾಲು ಕೊಡು" ಎಂದರು.

ಸೆಪಾ ದನಿ ತಗ್ಗಿಸಿ ಮೊದಲ ಸಾಲು ಕೊಟ್ಟಳು. ಮೇಷ್ಟ್ರ ಪೆನ್ನು ಅದನ್ನು ಬರೆದು ಮುಗಿಸಿ, ಎರಡನೆಯದಕ್ಕೆ ಕಾಯುತ್ತ ನಿಂತಿತು.